ನಾಲ್ಕಕ್ಷರದ ಪಟ್ಟಿಯೂ ನಾಲ್ಕು ಮಗ್ಗದ ಮನೆಯೂ

ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಬೇಡ ಎಂದು ನಾವು ಯಾವತ್ತೂ ಹೇಳಿಲ್ಲ. ಮಹಾರಾಷ್ಟ್ರದಲ್ಲಿ 2000ನೇ ಇಸವಿಯಿಂದಲೇ ಒಂದನೆಯ ಇಯತ್ತೆಗೆ ಇಂಗ್ಲಿಷ್ ಬಂದಿದೆ. ಕಲಿಸುತ್ತಿದ್ದೇವೆ, ಮುಂದೆಯೂ ಕಲಿಸುತ್ತೇವೆ. ನಮ್ಮ ತಕರಾರು ಇರುವುದು ಇಂಗ್ಲಿಷಿನ ಹೆಸರಲ್ಲಿ ಮಕ್ಕಳ ಕೈಗೆ ಬರುತ್ತಿರುವ ಶಬ್ದಪಟ್ಟಿಗಳ ಮೇಲೆ.

"ಬಿ ಇಂದ ಶುರುವಾಗುವ ನಾಲ್ಕಕ್ಷರದ ಶಬ್ದಗಳು, ಅರ್ಥಸಹಿತ." ಅದು ಮುಗಿದರೆ "ನಡುವೆ ಎರಡು ಇ ಬರುವ ಶಬ್ದಗಳು". ಆಮೇಲೆ ಐದಕ್ಷರದವು. ದಿನಕ್ಕೆ ಹತ್ತು ಬಾಯಿಪಾಠ! ಈ ಶಬ್ದಗಳಿಗೆ ಒಂದಕ್ಕೊಂದು ಏನು ಸಂಬಂಧ? ಉದ್ದ ಒಂದೇ, ಅಷ್ಟೇ. ಕನ್ನಡ ಕಲಿಸುವಾಗ "ಮೂರಕ್ಷರದ ಶಬ್ದ" ಎಂದು ಬದನೆ, ಪದಕ, ಕಡತ ಮೂರನ್ನೂ ಒಟ್ಟಿಗೆ ಉರು ಹೊಡೆಸಿ, ಇಗೋ ಕನ್ನಡ ಬಂತು ಎಂದು ಯಾರಾದರೂ ಹೇಳುತ್ತಾರೆಯೇ?

ಇಂಥ ಪಟ್ಟಿಗಳು ನಿಜವಾಗಿ ಕೆಲಸಕ್ಕೆ ಬರುವುದು ಆಟದಲ್ಲಿ. ಸ್ಕ್ರಾಬಲ್ ಆಡುವವರು ಶಬ್ದಗಳನ್ನು ಹೀಗೇ ಉದ್ದ ನೋಡಿ, ಅಕ್ಷರ ನೋಡಿ ನೆನಪಿಡುತ್ತಾರೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬಾತ 2015ರಲ್ಲಿ ಫ್ರೆಂಚ್ ಸ್ಕ್ರಾಬಲ್ ವಿಶ್ವ ಚಾಂಪಿಯನ್ ಆದ. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದ. ತಮಾಷೆ ಏನು ಗೊತ್ತೇ? ಆತನಿಗೆ ಎರಡೂ ಭಾಷೆ ಮಾತಾಡಲು ಬರುವುದಿಲ್ಲ! ಆಟಕ್ಕೆ ಅಷ್ಟು ಸಾಕು. ಆದರೆ ನಮ್ಮ ಮಕ್ಕಳು ನಾಳೆ ಆಡಬೇಕಾದದ್ದು ಆಟವಲ್ಲ, ಮಾತು.

ಸರಿ, ಪಟ್ಟಿಯಲ್ಲಿ ಅರ್ಥ ಕೊಟ್ಟಿದೆಯಲ್ಲ ಎನ್ನುವಿರಾ? ಆ ಅರ್ಥವನ್ನೇ ನೋಡೋಣ. ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಯಂತ್ರದ ಜೊತೆ ಅದರ ಶಬ್ದಗಳೂ ಬಂದವು. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರವಿರುವ ಈ ಶಬ್ದಗಳನ್ನು ನೋಡಿ:

ಬೀಮ್: ಪಟ್ಟಿಯಲ್ಲಿ ಕಿರಣ. ಮಗ್ಗದಲ್ಲಿ ಹಾಸಿನ ನೂಲು ಸುತ್ತಿದ ಉರುಳೆ.
ರೀಡ್: ಪಟ್ಟಿಯಲ್ಲಿ ಜೊಂಡು. ಮಗ್ಗದಲ್ಲಿ ಹಣಿಗೆ.
ವಾರ್ಪ್: ಪಟ್ಟಿಯಲ್ಲಿ ಸೊಟ್ಟಗಾಗು. ಮಗ್ಗದಲ್ಲಿ ಹಾಸು.
ಶೆಡ್: ಪಟ್ಟಿಯಲ್ಲಿ ಕಣ್ಣೀರು ಸುರಿಸು. ಮಗ್ಗದಲ್ಲಿ ಲಾಳಿ ಹಾಯಲು ಎಳೆಗಳು ಮೇಲೆ ಕೆಳಗೆ ಸರಿದು ಬಿಡುವ ದಾರಿ.
ಪಿಕ್: ಪಟ್ಟಿಯಲ್ಲಿ ಆರಿಸು. ಮಗ್ಗದಲ್ಲಿ ಹೊಕ್ಕಿನ ಒಂದು ಎಳೆ.

ಈ ಕೊನೆಯದರ ಮೇಲೆ ಊರಿನ ಹೊಟ್ಟೆಪಾಡೇ ನಿಂತಿದೆ. ಇಚಲಕರಂಜಿಯಲ್ಲಿ ನೇಕಾರರ ಮಜೂರಿಯ ಜಗ್ಗಾಟ ನಡೆಯುವುದೇ 52 ಪಿಕ್ಕಿನ ಬಟ್ಟೆಗೆ ಮೀಟರಿಗೆ ಎಷ್ಟು ಪೈಸೆ ಎಂಬ ಲೆಕ್ಕದಲ್ಲಿ. "ಪಿಕ್ ಅಂದ್ರ ನಮ್ಮಪ್ಪ ಎಣಸ್ತಾನಲ್ರೀ ಸರ್, ಅದು" ಎನ್ನುವ ಮಗುವಿಗೆ ಈ ಪಟ್ಟಿಯ ಪ್ರಕಾರ ಸೊನ್ನೆ ಗುಣ! ಉತ್ತರ ಸರಿ, ಇಂಗ್ಲಿಷ್ ನಿಘಂಟಿನಲ್ಲೇ ಇದೆ. ಆದರೂ ಆ ಮಗು ತಿಳಿಯುವುದೇನು? ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಮನೆಯ ಮಾತು ತಪ್ಪು ಎಂದು. ಗಡಹಿಂಗ್ಲಜ ಕಡೆಯ ಕಬ್ಬಿನ ಹೊಲದ ಮಗುವಿಗೆ ಕೇನ್ ಎಂದರೆ ಬೆತ್ತ ಎಂದಷ್ಟೇ ಕಲಿಸುವುದೂ ಇದೇ ಜಾತಿಯದು.

ಇನ್ನೊಂದು ಮಾತು. ಕೊಲ್ಹಾಪುರದ ಪೇಟೆಯಲ್ಲಿ ಸಿಗುವ ಇಂಥ ಪುಸ್ತಿಕೆಗಳಲ್ಲಿ ಅರ್ಥ ಇರುವುದು ಮರಾಠಿಯಲ್ಲಿ. ಮರಾಠಿ ನಮ್ಮ ನೆರೆಮನೆಯ ಭಾಷೆ, ಅದರ ಮೇಲೆ ನಮಗೆ ಸಿಟ್ಟಿಲ್ಲ. ಅವರ ಮಾಗ, ನಮ್ಮ ಮಗ್ಗ ಎಷ್ಟು ಹತ್ತಿರ ನೋಡಿ! ಆದರೆ ಕನ್ನಡದ ಮಗು ಇಂಗ್ಲಿಷಿನಿಂದ ಮರಾಠಿಗೆ, ಅಲ್ಲಿಂದ ಕನ್ನಡಕ್ಕೆ ಎರಡು ಹೊಳೆ ದಾಟಬೇಕು. ಹಾಸು, ಹೊಕ್ಕು, ಹಣಿಗೆ, ಲಾಳಿ ಎಂಬ ನಮ್ಮ ಶಬ್ದಗಳು ಈ ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲ. ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮಕ್ಕೆ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಶಬ್ದಾರ್ಥದ ಪುಸ್ತಿಕೆಯೂ ಕನ್ನಡದಲ್ಲಿ ಬರಲಿ ಎಂದು ನಾವು ಕೇಳಬಾರದೇಕೆ?

ಸ್ಪೆಲಿಂಗ್ ಬರಬೇಡವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಬರಬೇಕು. ಶನಿವಾರ ಅರ್ಧ ತಾಸು ಅಕ್ಷರದಾಟ ಆಡಿಸಿ, ಮಕ್ಕಳಿಗೆ ಖುಷಿ. ಆದರೆ ಆಟವನ್ನೇ ಪಾಠ ಮಾಡಬೇಡಿ. ಪಾಲಕರಿಗೂ ಒಂದು ವಿನಂತಿ. ಪಕ್ಕದ ಮನೆಯ ಇಂಗ್ಲಿಷ್ ಮಾಧ್ಯಮದ ಮಗು ಪಟ್ಟಿಯನ್ನು ಪಟಪಟ ಒಪ್ಪಿಸಿತೆಂದು ನಿಮ್ಮ ಮಗುವಿನ ದಾಖಲೆ ಕಿತ್ತುಕೊಂಡು ಹೋಗಬೇಡಿ. ಮೊದಲು ಆ ಮಗುವಿಗೆ ಅದರಲ್ಲಿನ ಒಂದು ಶಬ್ದ ಹಾಕಿ ಒಂದು ವಾಕ್ಯ ಮಾಡಲು ಹೇಳಿ. ಆಮೇಲೆ ನಿರ್ಧಾರ ಮಾಡಿ. ಹೀಗೆ ಒಂದೊಂದೇ ಮಗು ಹೋದರೆ ಗಡಿಯಾಚೆ ಕನ್ನಡ ಶಾಲೆಯ ಬಾಗಿಲು ಮುಚ್ಚಲು ಬೇರೆ ಯಾರೂ ಬರಬೇಕಿಲ್ಲ.

ಶಿಕ್ಷಕ ಬಂಧುಗಳೇ, ಈ ವಾರ ಒಂದು ಕೆಲಸ ಮಾಡೋಣ. ಮಕ್ಕಳು ಮಗ್ಗದಿಂದ, ಹೊಲದಿಂದ, ಗ್ಯಾರೇಜಿನಿಂದ ತಮಗೆ ಗೊತ್ತಿರುವ ಇಪ್ಪತ್ತು ಇಂಗ್ಲಿಷ್ ಶಬ್ದ ಕೇಳಿಕೊಂಡು ಬರಲಿ. ಎದುರಿಗೆ ಕನ್ನಡದ ಶಬ್ದ ಬರೆಸೋಣ, ಒಂದೊಂದಕ್ಕೆ ವಾಕ್ಯ ಮಾಡಿಸೋಣ. ಆ ಪಟ್ಟಿ ನಮ್ಮದು. ಅದರಲ್ಲಿ ಯಾವ ಶಬ್ದಕ್ಕೆ ಎಷ್ಟು ಅಕ್ಷರ ಎಂಬುದನ್ನು ಆಮೇಲೆ ಮಕ್ಕಳೇ ಎಣಿಸಿಕೊಳ್ಳುತ್ತಾರೆ.