ಮಳೆಕಾಡಿನ ಮೇಲೊಂದು ಸ್ಫೋಟ: ಬೃಹತ್ ಬಾಂಬುಗಳೂ ಆಸ್ಟ್ರೇಲಿಯಾವೂ

2024ರ ಆಗಸ್ಟ್ ತಿಂಗಳಲ್ಲಿ ಬ್ರಿಸ್ಬೇನ್ ನಗರದ ಪಶ್ಚಿಮಕ್ಕಿರುವ ಆಂಬರ್ಲಿ ವಾಯುನೆಲೆಗೆ ಅಮೆರಿಕದ ಬಿ-2 ಬಾಂಬರ್ ವಿಮಾನಗಳು ಬಂದಿಳಿದವು. ಇಪ್ಸ್‌ವಿಚ್‌ನ ಸುತ್ತಮುತ್ತ ನೆಲೆಸಿರುವವರಿಗೆ ಬಾವಲಿಯಂತೆ ರೆಕ್ಕೆ ಚಾಚಿದ ಈ ಕಪ್ಪು ವಿಮಾನಗಳು ಹೊಸತಲ್ಲ. 2022ರಲ್ಲಿಯೂ ಅವು ಇಲ್ಲಿ ಬೀಡುಬಿಟ್ಟಿದ್ದವು. ಹತ್ತು ತಿಂಗಳ ತರುವಾಯ, 2025ರ ಜೂನ್ 22ರಂದು, ಅಮೆರಿಕದಿಂದಲೇ ಹೊರಟ ಇದೇ ಬಗೆಯ ಏಳು ವಿಮಾನಗಳು ಇರಾನಿನ ಫೋರ್ಡೊ ಮತ್ತು ನತಾಂಜ್ ಅಣುಕೇಂದ್ರಗಳ ಮೇಲೆ 14 ಬೃಹತ್ ಬಾಂಬುಗಳನ್ನು ಕೆಡವಿದವು. ಜಿಬಿಯು-57 ಎಂಬ ಆ ಬಾಂಬು ಯುದ್ಧದಲ್ಲಿ ಬಳಕೆಯಾದದ್ದು ಅದೇ ಮೊದಲು.

ಆ ವಾರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ‘ಇದು ಅಣುಬಾಂಬಿಗೆ ಸಮ’ ಎಂಬ ಮಾತು ಬಹಳ ಓಡಾಡಿತು. ಅದು ತಪ್ಪು. 2017ರ ಏಪ್ರಿಲ್ 13ರಂದು ಅಫ್ಘಾನಿಸ್ತಾನದ ನಂಗರ್‌ಹಾರ್ ಪ್ರಾಂತ್ಯದಲ್ಲಿ ಅಮೆರಿಕ ಬಳಸಿದ, ‘ಬಾಂಬುಗಳ ತಾಯಿ’ ಎಂದು ಪತ್ರಿಕೆಗಳು ಕರೆದ ಜಿಬಿಯು-43 ಬಾಂಬಿನ ಸ್ಫೋಟಶಕ್ತಿ ಸುಮಾರು 11 ಟನ್ ಟಿಎನ್‌ಟಿಗೆ ಸಮ. ಹಿರೋಶಿಮಾದ ಬಾಂಬಿನದು ಸುಮಾರು 15,000 ಟನ್. ಅಂತರ ಸಾವಿರ ಪಟ್ಟಿಗೂ ಮಿಗಿಲು. ವಿಕಿರಣದ ಮಾತಂತೂ ಬೇರೆಯೇ. ಆದರೂ ಈ ಹೋಲಿಕೆ ಮತ್ತೆ ಮತ್ತೆ ತಲೆಯೆತ್ತುವುದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. ಅಣುಸ್ಫೋಟದ ಪರಿಣಾಮವನ್ನು ಅಣುವಿಲ್ಲದೆ ಅಳೆಯುವ ಪ್ರಯತ್ನವನ್ನು ಸೈನ್ಯಗಳೇ ಮಾಡಿವೆ. ಅಂಥದೊಂದು ಪ್ರಯೋಗ ನಡೆದದ್ದು ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿಯೇ, ಬ್ರಿಸ್ಬೇನಿನಿಂದ ಸುಮಾರು 1,900 ಕಿಲೋಮೀಟರ್ ವಾಯವ್ಯಕ್ಕೆ, ಕೇಪ್ ಯಾರ್ಕ್ ಪರ್ಯಾಯದ್ವೀಪದ ಐರನ್ ರೇಂಜ್ ಮಳೆಕಾಡಿನಲ್ಲಿ.

ಅದರ ಹೆಸರು ‘ಆಪರೇಷನ್ ಬ್ಲೋಡೌನ್’. 1963ರ ಜುಲೈ 18ರಂದು ಅಲ್ಲಿ 50 ಟನ್ ಟಿಎನ್‌ಟಿಯನ್ನು ಒಮ್ಮೆಗೇ ಸಿಡಿಸಲಾಯಿತು. ಅಂದರೆ ಅಫ್ಘಾನಿಸ್ತಾನದ ಆ ‘ತಾಯಿ’ಯ ನಾಲ್ಕು ಪಟ್ಟಿಗೂ ಹೆಚ್ಚು. ಅದು ವಿಮಾನದಿಂದ ಬಿದ್ದ ಬಾಂಬಲ್ಲ. ಮರಗಳ ತಲೆಯನ್ನು ಮೀರಿ ನಿಂತ, ಸುಮಾರು 42 ಮೀಟರ್ ಎತ್ತರದ ಉಕ್ಕಿನ ಗೋಪುರದ ತುದಿಯಲ್ಲಿ ಸ್ಫೋಟಕದ ಇಟ್ಟಿಗೆಗಳನ್ನು ಗೋಳಾಕಾರವಾಗಿ ಪೇರಿಸಲಾಗಿತ್ತು. ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಮುಂದೊಂದು ದಿನ ಅಣ್ವಸ್ತ್ರ ಪ್ರಯೋಗವಾದರೆ ಮರಗಳು ಹೇಗೆ ಉರುಳುತ್ತವೆ, ಕಂದಕಗಳೂ ವಾಹನಗಳೂ ಏನಾಗುತ್ತವೆ, ಅನಂತರ ಸೈನ್ಯ ಅಲ್ಲಿ ಹೇಗೆ ಸಾಗಬೇಕು ಎಂಬುದನ್ನು ತಿಳಿಯುವುದು ಉದ್ದೇಶವಾಗಿತ್ತು. ಹಳೆಯ ವಾಹನಗಳು, ಕಾವಲುಗುಂಡಿಗಳು, ಸರಂಜಾಮಿನ ರಾಶಿಗಳನ್ನು ಕಾಡಿನೊಳಗೆ ಅಳತೆಯ ದೂರಗಳಲ್ಲಿ ಮೊದಲೇ ಇಟ್ಟಿದ್ದರು. ಬ್ರಿಟನ್ ಮತ್ತು ಅಮೆರಿಕ ಎರಡೂ ಈ ಪ್ರಯೋಗದಲ್ಲಿ ಆಸಕ್ತಿ ವಹಿಸಿದ್ದವು. ಸ್ಫೋಟದ ಬಳಿಕ ಸೈನಿಕರನ್ನು ಆ ಪ್ರದೇಶದೊಳಗೆ ನಡೆಸಿ ನೋಡಲಾಯಿತು. ಬಿದ್ದ ಮರಗಳ ರಾಶಿಯೇ ದೊಡ್ಡ ಅಡ್ಡಿಯಾಯಿತು. ಶತ್ರುವನ್ನು ತಡೆಯಲು ಕೆಡವಿದ ಕಾಡು ಕೆಡವಿದವನನ್ನೂ ತಡೆಯುತ್ತದೆ!

ಈ ಪ್ರಯೋಗ ಮಾರಲಿಂಗದಷ್ಟು ಪ್ರಸಿದ್ಧವಲ್ಲ. ದಕ್ಷಿಣ ಆಸ್ಟ್ರೇಲಿಯಾದ ಮಾರಲಿಂಗದಲ್ಲಿ ಬ್ರಿಟನ್ ನಿಜವಾದ ಅಣುಸ್ಫೋಟಗಳನ್ನೇ ನಡೆಸಿತ್ತು, ಅದರ ಗಾಯ ಇನ್ನೂ ಮಾಯ್ದಿಲ್ಲ. ಐರನ್ ರೇಂಜ್‌ನಲ್ಲಿ ವಿಕಿರಣವಿರಲಿಲ್ಲವಾದ್ದರಿಂದ ಅದು ಬೇಗ ಮರೆತುಹೋಯಿತೆಂದು ನನ್ನ ಊಹೆ. ಆದರೆ ಆ ಕಾಡಿಗೂ ಒಡೆಯರಿದ್ದರು. ಇಂದು ಅದು ಕುಟಿನಿ-ಪಯಾಮು ರಾಷ್ಟ್ರೀಯ ಉದ್ಯಾನ; ಕುಕು ಯಾವು ಮೂಲನಿವಾಸಿಗಳು ಸರ್ಕಾರದೊಡನೆ ಜಂಟಿಯಾಗಿ ಅದನ್ನು ನೋಡಿಕೊಳ್ಳುತ್ತಾರೆ.

ಬೃಹತ್ ಬಾಂಬುಗಳಲ್ಲಿ ಎರಡು ಕುಲಗಳಿವೆ. ಸುದ್ದಿಯಲ್ಲಿ ಇವು ಸದಾ ಬೆರೆತುಹೋಗುತ್ತವೆ. ಒಂದು ನೆಲದ ಮೇಲೆ ಸಿಡಿದು ಗಾಳಿಯ ಒತ್ತಡದಿಂದ ಕೊಲ್ಲುವುದು, ಇನ್ನೊಂದು ನೆಲವನ್ನು ಹೊಕ್ಕು ಒಳಗೆ ಸಿಡಿಯುವುದು. ವಿಯೆಟ್ನಾಮ್ ಯುದ್ಧದಲ್ಲಿ ಬಳಕೆಗೆ ಬಂದ ಬಿಎಲ್‌ಯು-82 ಮೊದಲ ಕುಲದ್ದು. ಸುಮಾರು 6,800 ಕಿಲೋ ತೂಕದ ಅದನ್ನು ಸರಕುವಿಮಾನದ ಹಿಂಬಾಗಿಲಿನಿಂದ ಪ್ಯಾರಾಚೂಟ್ ಕಟ್ಟಿ ತಳ್ಳುತ್ತಿದ್ದರು. ಮೂತಿಯಿಂದ ಮುಂಚಾಚಿದ ಉದ್ದನೆಯ ಸಲಾಕೆ ನೆಲ ಮುಟ್ಟಿದೊಡನೆ, ಒಡಲು ಇನ್ನೂ ಮೇಲಿರುವಾಗಲೇ ಅದು ಸಿಡಿಯುತ್ತಿತ್ತು. ಹಾಗಾಗಿ ಗುಂಡಿ ಬೀಳದೆ ಕಾಡು ಮಾತ್ರ ಬಯಲಾಗಿ ಹೆಲಿಕಾಪ್ಟರಿಗೆ ಇಳಿದಾಣ ಸಿದ್ಧವಾಗುತ್ತಿತ್ತು. 2003ರಲ್ಲಿ ಪರೀಕ್ಷೆಗೊಂಡ ಜಿಬಿಯು-43 ಇದರ ಉತ್ತರಾಧಿಕಾರಿ. ನಂಗರ್‌ಹಾರ್ ದಾಳಿಯಲ್ಲಿ 90ಕ್ಕೂ ಹೆಚ್ಚು ಐಸಿಸ್ ಉಗ್ರರು ಸತ್ತರೆಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಸ್ವತಂತ್ರ ಪರಿಶೀಲನೆಗೆ ಸ್ಥಳ ತೆರೆದಿರಲಿಲ್ಲ.

ಎರಡನೆಯ ಕುಲದ ಮೂಲಪುರುಷ ಬ್ರಿಟನ್ನಿನ ಎಂಜಿನಿಯರ್ ಬಾರ್ನ್ಸ್ ವಾಲಿಸ್. ಆತನ ಕಥೆಯಲ್ಲಿ ಅಡಿಲೇಡಿಗೂ ಒಂದು ಪಾಲಿದೆ. 1943ರ ಮೇ ತಿಂಗಳಲ್ಲಿ ನೀರಿನ ಮೇಲೆ ಪುಟಿಯುವ ವಾಲಿಸನ ಬಾಂಬುಗಳನ್ನು ಹೊತ್ತು ಜರ್ಮನಿಯ ಅಣೆಕಟ್ಟುಗಳ ಮೇಲೆರಗಿದ 617ನೆಯ ಸ್ಕ್ವಾಡ್ರನ್ನಿನಲ್ಲಿ ಡೇವಿಡ್ ಶಾನನ್ ಎಂಬ ಅಡಿಲೇಡ್ ತರುಣನಿದ್ದ. ಎಡರ್ ಅಣೆಕಟ್ಟಿನ ಮೇಲೆ ದಾಳಿ ಮಾಡಿದಾಗ ಅವನಿಗೆ 21 ವರ್ಷ ತುಂಬಲು ಇನ್ನೂ ಕೆಲವು ದಿನಗಳಿದ್ದವು. ಆ ಇರುಳಿನ ಪ್ರವಾಹದಲ್ಲಿ ಸತ್ತವರು ಸುಮಾರು 1,300 ಜನ. ಅವರಲ್ಲಿ ಬಹಳ ಮಂದಿ ಜರ್ಮನರು ಬಲವಂತದ ದುಡಿಮೆಗೆ ಎಳೆತಂದಿದ್ದ ವಿದೇಶಿಯರು. ಸಾಹಸದ ಚಲನಚಿತ್ರಗಳು ಇದನ್ನು ಹೆಚ್ಚು ಹೇಳುವುದಿಲ್ಲ.

ವಾಲಿಸನ ಮುಂದಿನ ಸೃಷ್ಟಿಗಳು ‘ಭೂಕಂಪ ಬಾಂಬು’ಗಳು: 5.4 ಟನ್ನಿನ ಟಾಲ್‌ಬಾಯ್, ಹತ್ತು ಟನ್ನಿನ ಗ್ರ್ಯಾಂಡ್ ಸ್ಲಾಮ್. ಗುರಿಯನ್ನು ನೇರವಾಗಿ ಹೊಡೆಯುವ ಬದಲು ಅದರ ಪಕ್ಕದ ನೆಲದಾಳದಲ್ಲಿ ಸಿಡಿದರೆ, ಅಡಿಯಲ್ಲಿ ಪೊಳ್ಳು ಉಂಟಾಗಿ ಮೇಲಿನ ಕಟ್ಟಡ ತಾನೇ ಕುಸಿಯುತ್ತದೆಂಬುದು ತರ್ಕ. 1945ರ ಮಾರ್ಚ್ 14ರಂದು ಬೀಲೆಫೆಲ್ಡ್ ರೈಲುಸೇತುವೆ ಬಿದ್ದದ್ದು ಹಾಗೆಯೇ. ಟನ್ನುಗಟ್ಟಲೆ ಸಣ್ಣ ಬಾಂಬುಗಳಿಗೆ ಜಗ್ಗದಿದ್ದ ಸೇತುವೆ, ಪಕ್ಕದಲ್ಲಿ ಬಿದ್ದ ಒಂದು ಗ್ರ್ಯಾಂಡ್ ಸ್ಲಾಮ್ ಹಾಗೂ ಹಲವು ಟಾಲ್‌ಬಾಯ್‌ಗಳಿಗೆ ಕುಸಿಯಿತು. ಇರಾನಿನ ಮೇಲೆ ಬಿದ್ದ ಜಿಬಿಯು-57 ಈ ವಂಶದ ಕುಡಿ. ತೂಕ ಸುಮಾರು 13,600 ಕಿಲೋ; ಅದರಲ್ಲಿ ಸ್ಫೋಟಕದ ಪಾಲು ಸುಮಾರು ಆರನೆಯ ಒಂದಂಶ ಮಾತ್ರ, ಉಳಿದುದರಲ್ಲಿ ಬಹುಪಾಲು ನೆಲ ಕೊರೆಯುವ ಉಕ್ಕು. ಒಂದು ಬಿ-2 ಇಂಥ ಎರಡನ್ನಷ್ಟೇ ಹೊರಬಲ್ಲುದು. ಬೆಟ್ಟದಡಿ ಹುದುಗಿದ ಫೋರ್ಡೊಗೆ ಹನ್ನೆರಡು ಬೇಕಾದವೆಂದರೆ, ಈ ಅಸ್ತ್ರದ ಮಿತಿಯೂ ಅದರಲ್ಲೇ ಕಾಣುತ್ತದೆ.

ಹಾಗಾದರೆ ಇಲ್ಲಿ ಬದುಕುವ ನಮಗೆ ಸಂಬಂಧವೇನು? ಇರಾನಿನ ಮೇಲಣ ದಾಳಿ ಅಮೆರಿಕದ ಏಕಪಕ್ಷೀಯ ಕ್ರಮವೆಂದು ಪ್ರಧಾನಿ ಆಲ್ಬನೀಸ್ ಹೇಳಿದರು. ಆದರೆ 2024ರ ಅಕ್ಟೋಬರಿನಲ್ಲಿ ಬಿ-2 ವಿಮಾನಗಳು ಯೆಮನ್ನಿನ ಹೂತಿಗಳ ನೆಲದಡಿಯ ಶಸ್ತ್ರಾಗಾರಗಳ ಮೇಲೆ ದಾಳಿ ಮಾಡಿದಾಗ, ಉತ್ತರ ಆಸ್ಟ್ರೇಲಿಯಾದ ಮೂಲಕ ಅಮೆರಿಕದ ವಿಮಾನಗಳಿಗೆ ಪ್ರವೇಶ ಕೊಟ್ಟು ನೆರವಾದುದನ್ನು ರಕ್ಷಣಾ ಇಲಾಖೆಯೇ ಒಪ್ಪಿಕೊಂಡಿತು. ಪರ್ತ್‌ನ ಕನ್ನಡಿಗರ ಮುಂದೆ ಇದೇ ಪ್ರಶ್ನೆಯ ಕಡಲ ಮುಖವಿದೆ: ಇರಾನಿನ ಇಸ್ಫಹಾನ್ ಮೇಲೆ ಎರಡು ಡಜನ್ನಿಗೂ ಹೆಚ್ಚು ಟೊಮಾಹಾಕ್ ಕ್ಷಿಪಣಿಗಳನ್ನು ಹಾರಿಸಿದ್ದು ಒಂದು ಜಲಾಂತರ್ಗಾಮಿ, ರಾಕಿಂಗ್‌ಹ್ಯಾಮ್ ಎದುರಿನ ಗಾರ್ಡನ್ ದ್ವೀಪದ ನೌಕಾನೆಲೆಯಲ್ಲಿ 2027ರಿಂದ ಅಮೆರಿಕ ಮತ್ತು ಬ್ರಿಟನ್ನಿನ ಜಲಾಂತರ್ಗಾಮಿಗಳು ಸರದಿಯಲ್ಲಿ ತಂಗುವ ಯೋಜನೆಯಿದೆ. ಆಸ್ಟ್ರೇಲಿಯಾದಲ್ಲಿ ಯುದ್ಧಕ್ಕೆ ಹೋಗುವ ನಿರ್ಧಾರಕ್ಕೆ ಸಂಸತ್ತಿನ ಮತ ಬೇಕಿಲ್ಲ. 2023ರ ಮಾರ್ಚಿನಲ್ಲಿ ವರದಿ ನೀಡಿದ ಸಂಸದೀಯ ಸಮಿತಿ ಪಾರದರ್ಶಕತೆ ಹೆಚ್ಚಬೇಕೆಂದಿತಾದರೂ ಆ ಅಧಿಕಾರವನ್ನು ಸರ್ಕಾರದ ಕೈಯಲ್ಲೇ ಉಳಿಸಿತು. ಪೌರತ್ವ ಸ್ವೀಕರಿಸಿ ಮತ ಹಾಕುವ ನಾವು ಮನೆಬೆಲೆ, ವೀಸಾಗಳ ಬಗೆಗೆ ಅಭ್ಯರ್ಥಿಗಳನ್ನು ಕೇಳುತ್ತೇವೆ. ನಮ್ಮ ಊರಿನ ಮಗ್ಗುಲಲ್ಲಿರುವ ನೆಲೆಯನ್ನು ಯಾವ ದಾಳಿಗೆ, ಯಾರ ಒಪ್ಪಿಗೆಯಿಂದ ಬಳಸಬಹುದು ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು ತವರಿಗೆ ಸಂಬಂಧಿಸಿದ್ದು. ಅಡಿಲೇಡಿನ ಉತ್ತರಕ್ಕಿರುವ ವೂಮೆರಾ ನಿಷೇಧಿತ ಪ್ರದೇಶದ ವಿಸ್ತಾರ ಸುಮಾರು 1,22,000 ಚದರ ಕಿಲೋಮೀಟರ್, ಕರ್ನಾಟಕದ ಮೂರರಲ್ಲಿ ಎರಡು ಪಾಲಿನ ಹತ್ತಿರ. ಅಸ್ತ್ರಪರೀಕ್ಷೆಗೆ ‘ಖಾಲಿ ನೆಲ’ ಎಂದು ಗುರುತಿಸಿದ ಅಲ್ಲಿ ಮೂಲನಿವಾಸಿಗಳು ಓಡಾಡಿಕೊಂಡಿದ್ದರು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಾಗಲೂ ಕಡತದಲ್ಲಿ ಅದು ಬರಡು ಭೂಮಿಯಾಗಿತ್ತು. ಕುರಿ ದನ ಮೇಯಿಸುತ್ತಿದ್ದ ಹಳ್ಳಿಗರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಬೇಕಾಯಿತು. ಅಲ್ಲಿ ಪರೀಕ್ಷೆಯಾಗುತ್ತಿರುವುದು ಮಾನವರಹಿತ ವಿಮಾನಗಳೇ ಹೊರತು ಇಂಥ ಬಾಂಬುಗಳಲ್ಲ. ಆದರೆ ಅಡಿಲೇಡಿನಿಂದ ವೂಮೆರಾದತ್ತ ಕಾರಿನಲ್ಲಿ ಹೋಗುವಾಗ, ದಾರಿಬದಿಯ ಎಚ್ಚರಿಕೆಯ ಫಲಕಗಳ ಆಚೆ ಹರಡಿಕೊಂಡ ಕುರುಚಲು ಬಯಲನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ಚಳ್ಳಕೆರೆಯ ಆ ಕಾವಲೇ.