ಚೀಟಿ ದುಡ್ಡು ಸ್ಪ್ರಿಂಗಿಗಲ್ಲ, ಬುಷ್ಷಿಗೆ

ಈ ತಿಂಗಳು ಚೀಟಿ ನಂಗೆ ಬಂತು. ದುಡ್ಡು ಕೈಗೆ ಬರೋಕ್ ಮುಂಚೆನೇ ನಮ್ಮನೆಯವರು ಅದಕ್ಕೆ ದಾರಿ ಹುಡುಕಿಟ್ಟಿದ್ರು. ಕಾರಿಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿ ಎರಡಿಂಚು ಕೆಳಗಿಳಿಸಬೇಕಂತೆ.

ಯಾವ ಕಾರು ಅಂತ ಜೋಗುಪಾಳ್ಯದವರಿಗೆ ಹೇಳ್ಬೇಕಾಗಿಲ್ಲ. ದೂರದಲ್ಲಿರೋ ಅತ್ತಿಗೆ, ಚಿಕ್ಕಮ್ಮಂದಿರಿಗೆ ಹೇಳ್ತೀನಿ: ಸ್ಯಾನ್ ಸ್ಟಾರ್ಮ್. 1998ರ ಹೊತ್ತಿಗೆ ಬಂದ, ಗೋವಾದಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ಫೈಬರ್ ಮೈ, 1149 ಸಿಸಿ ರೆನೋ ಎಂಜಿನ್, ಎರಡೇ ಸೀಟು. ಅತ್ತೆನ ಸೋಮೇಶ್ವರನ ದೇವಸ್ಥಾನಕ್ಕೆ ಕೂರಿಸ್ಕೊಂಡ್ ಹೋದ್ರೆ ನಾನು ಆಟೋದಲ್ಲಿ. ಆದ್ರೂ ಚೆಂದದ ಕಾರು, ಸುಳ್ಳು ಹೇಳಲ್ಲ. ಮಾರಿ ಅಂತ ನಾನು ಯಾವತ್ತೂ ಅಂದಿಲ್ಲ.

ನನ್ನ ತಕರಾರು ಇಷ್ಟೇ. ಹಳೇ ಕಾರಿಗೆ ಹೊಸ ಸ್ಪ್ರಿಂಗ್ ಆಮೇಲೆ, ಮೊದಲು ರಬ್ಬರ್ ನೋಡಿ.

ಕುಕ್ಕರ್ ಸೀಟಿ ಹೊಡೀದೆ ಪಕ್ಕದಿಂದ ಹಬೆ ಬಿಟ್ರೆ ನಾವು ಹೊಸ ಕುಕ್ಕರ್ ತರ್ತೀವಾ? ಗ್ಯಾಸ್ಕೆಟ್ ಗಟ್ಟಿಯಾಗಿದ್ಯಾ ಅಂತ ನೋಡ್ತೀವಿ. ಕಾರಲ್ಲಿ ಚಕ್ರ ಹಿಡಿದಿರೋ ತೋಳುಗಳ ಕೀಲಿಗೆ ಬುಷ್ ಅಂತ ರಬ್ಬರ್ ಇರತ್ತೆ. ಇಪ್ಪತ್ತು ವರ್ಷಕ್ಕೆ ಅದೂ ಹಂಗೇ ಗಟ್ಟಿಯಾಗಿ ಬಿರುಕು ಬಿಡತ್ತೆ. ಆಮೇಲೆ ಸ್ಟೇರಿಂಗ್ ಒಂದು ಕಡೆ ಅಂದ್ರೆ ಚಕ್ರ ಇನ್ನೊಂದು ಕಡೆ. ಇನ್ನು ಸ್ಪ್ರಿಂಗ್ ಭಾರ ಹೊರತ್ತೆ ಅಷ್ಟೇ, ಕುಣಿತ ನಿಲ್ಸೋದು ಶಾಕ್ ಅಬ್ಸಾರ್ಬರ್. ಅದು ಸತ್ತಿದ್ದಾಗ ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಕುಣಿತ ಜಾಸ್ತಿನೇ ಆಗತ್ತೆ. ಹೋದ ಮಳೆಗಾಲ ಓಲ್ಡ್ ಮದ್ರಾಸ್ ರೋಡಲ್ಲಿ ಬ್ರೇಕ್ ಒತ್ತಿದಾಗ ಮೂತಿ ಮುಗ್ಗರಿಸಿ ಹಿಂದಿನ ಚಕ್ರ ಜಾರ್ತು. ಪಕ್ಕದ ಸೀಟಲ್ಲಿ ಮಗಳು ಕೂತಿದ್ಳು. ಮನೆಗೆ ಬಂದು ನಾನೇ ಬಾನೆಟ್ ಮೂಲೆ ಒತ್ತಿ ಬಿಟ್ಟೆ. ಒಂದ್ಸಲ ಎದ್ದು ನಿಲ್ಬೇಕಾದ್ದು ನಾಲ್ಕು ಸಲ ತೂಗಾಡ್ತು. ಒಳಗೆ ಎಣ್ಣೆ ಸೋರಿ ಧೂಳು ಮೆತ್ಕೊಂಡಿತ್ತು.

ನಮ್ಮ ಹಂಪ್‌ಗಳನ್ನೂ ನೋಡ್ರೀ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರ ಇರ್ಬೇಕು, ನಿಧಾನಕ್ಕೆ ಏರಿ ಇಳೀಬೇಕು. ನಮ್ಮ ಕ್ರಾಸಲ್ಲಿರೋದು ಮಲಗಿಸಿದ ಕಾಂಪೌಂಡು. ಈಗ್ಲೇ ಹೊಟ್ಟೆ ಉಜ್ಜತ್ತೆ, ಇನ್ನೆರಡಿಂಚು ಇಳಿಸಿದ್ರೆ ಕಾರು ಅಲ್ಲೇ ಸೇತುವೆ ಥರ ಕೂತ್ಕೊಳತ್ತೆ. ಒಬ್ಬ ಮೆಕ್ಯಾನಿಕ್ ಇರೋ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೊಡ್ತೀನಿ ಅಂದನಂತೆ. ಅವನಿಗೆ ಚಹಾನೂ ಕೊಡಬೇಡಿ. ಕತ್ತರಿಸಿದ ಸ್ಪ್ರಿಂಗ್ ಗುಂಡಿಲಿ ಚಕ್ರ ಜೋತುಬಿದ್ದಾಗ ತನ್ನ ಜಾಗದಿಂದಲೇ ಜಾರಬಹುದು.

ಹದಿನೈದು ವರ್ಷ ದಾಟಿದ ಗಾಡಿ ಬೇರೆ, ಐದೈದು ವರ್ಷಕ್ಕೆ ಆರ್‌ಟಿಓ ಮುಂದೆ ನಿಲ್ಲಿಸ್ಬೇಕು. ಕಂಪನಿ ಲೆಕ್ಕಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಹೇಳತ್ತೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು.

"ಹಂಗಾದ್ರೆ ಸ್ಪೋರ್ಟ್ಸ್ ಕಾರು ಅಂತ ಯಾಕಿರ್ಬೇಕು?" ಅಂತಾರೆ ಇವ್ರು. ಬುಷ್, ಶಾಕ್ ಜೋಡಿಜೋಡಿಯಾಗಿ ಹೊಸದು ಹಾಕಿ, ಒಳ್ಳೇ ಟೈರ್ ಕೊಟ್ಟು, ಅಲೈನ್‌ಮೆಂಟ್ ಮಾಡ್ಸಿ ಓಡ್ಸಿ ನೋಡ್ಲಿ. ಇಪ್ಪತ್ತು ವರ್ಷದಿಂದ ಆ ಕಾರು ಹೆಂಗೆ ಓಡ್ತಿತ್ತು ಅನ್ನೋದೇ ಇವ್ರಿಗೆ ಮರೆತುಹೋಗಿದೆ.

ಶನಿವಾರ ಜೆ.ಸಿ. ರೋಡಿಗೆ ಇಬ್ರೂ ಹೋಗ್ತೀವಿ. ಅಳತೆ ಹೊಂದಿಸೋಕೆ ಹಳೇ ಬುಷ್ ಅವರ ಜೇಬಲ್ಲಿ, ದುಡ್ಡು ನನ್ನ ಬ್ಯಾಗಲ್ಲಿ.