ಗೆರಟೆಯ ನೀರೂ ಕೀಲಿನ ನೋವೂ

ಮಳೆಗಾಲ ಬಂದಾಗಲೆಲ್ಲ ಗುತ್ತಿಗಾರಿನ ಆಸುಪಾಸಿನ ಹಿರಿಯರಿಗೆ 2008ರ ನೆನಪು ಮರುಕಳಿಸುವುದು ಸಹಜ. ಆ ವರ್ಷ ಚಿಕುನ್‌ಗುನ್ಯ ಜ್ವರವು ದಕ್ಷಿಣ ಕನ್ನಡವನ್ನು, ಅದರಲ್ಲೂ ಸುಳ್ಯ, ಪುತ್ತೂರು ಭಾಗದ ತೋಟಗಳ ನಾಡನ್ನು ವ್ಯಾಪಿಸಿತು. ಜ್ವರ ವಾರದೊಳಗೆ ಬಿಟ್ಟರೂ ಕೀಲುನೋವು ಹಲವರನ್ನು ತಿಂಗಳುಗಟ್ಟಲೆ ಬಿಡಲಿಲ್ಲ. 1952ರಲ್ಲಿ ಇಂದಿನ ಟಾಂಜಾನಿಯಾದಲ್ಲಿ ಕಾಣಿಸಿಕೊಂಡ ಈ ರೋಗಕ್ಕೆ ಅಲ್ಲಿನ ಮಕೊಂಡೆ ಭಾಷೆಯಲ್ಲಿ ‘ಬಗ್ಗಿಸುವಂಥದು’ ಎಂಬರ್ಥದ ಹೆಸರು ಬಂದುದೂ ಈ ನೋವಿನಿಂದಲೇ.

ಸೊಳ್ಳೆ ಕಚ್ಚಿದ ಬಳಿಕ ನಮ್ಮ ಮೈಯೊಳಗೆ ನಡೆಯುವುದೇನು? ವೈರಸ್ಸಿಗೆ ಸ್ವಂತವಾಗಿ ಬೆಳೆಯುವ ಶಕ್ತಿಯಿಲ್ಲ. ಅದು ಜೀವಕೋಶದ ಹೊರಪೊರೆಯಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕೀಲು, ಸ್ನಾಯುಗಳ ಕೋಶಗಳಲ್ಲಿರುವ ಅಂತಹ ಒಂದು ಪ್ರೋಟೀನನ್ನು 2018ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಅದರ ಹೆಸರು ಎಂಎಕ್ಸ್‌ಆರ್‌ಎ8. ಕೋಶವು ಈ ಅತಿಥಿಯನ್ನು ಪುಟ್ಟ ಚೀಲವೊಂದರಲ್ಲಿ ಸುತ್ತಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲತೆ ಏರಿದಾಗ ವೈರಸ್ಸಿನ ‘ಇ1’ ಎಂಬ ಪ್ರೋಟೀನು ರೂಪ ಬದಲಿಸಿ, ವೈರಸ್ಸಿನ ಪೊರೆಯನ್ನು ಚೀಲದ ಪೊರೆಯೊಡನೆ ಬೆಸೆಯುತ್ತದೆ. ಆಗ ಹೊರಬಿದ್ದ ಆರ್‌ಎನ್‌ಎಯನ್ನು ಕೋಶವು ತನ್ನದೇ ಆಜ್ಞೆಯೆಂಬಂತೆ ಓದಿ ಹೊಸ ವೈರಸ್‌ಗಳನ್ನು ಕಟ್ಟತೊಡಗುತ್ತದೆ. ಅಪಾಯವರಿತ ಕೋಶಗಳು ಇಂಟರ್‌ಫೆರಾನ್ ಎಂಬ ರಾಸಾಯನಿಕದಿಂದ ನೆರೆಯ ಕೋಶಗಳನ್ನು ಎಚ್ಚರಿಸುತ್ತವೆ. ಜ್ವರವೂ ಕೀಲಿನ ಉರಿಯೂತವೂ ಬಹುಮಟ್ಟಿಗೆ ಈ ಹೋರಾಟದ ಗುರುತುಗಳೇ.

ನಮ್ಮ ನಾಡಿನ ಕಥೆ ಇದೇ ಇ1 ಪ್ರೋಟೀನಿನಲ್ಲಿದೆ. ಅದರ 226ನೆಯ ಸ್ಥಾನದಲ್ಲಿ ಅಲನಿನ್ ಎಂಬ ಅಮೈನೋ ಆಮ್ಲವು ವ್ಯಾಲಿನ್ ಆಗಿ ಬದಲಾದ ವೈರಸ್ಸು 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಹಬ್ಬಿತು. ಅಂತಹುದೇ ಬದಲಾವಣೆಯುಳ್ಳ ವೈರಸ್ಸು 2007ರಲ್ಲಿ ಕೇರಳದಲ್ಲಿಯೂ 2008ರಲ್ಲಿ ಕರಾವಳಿ ಕರ್ನಾಟಕದಲ್ಲಿಯೂ ಪತ್ತೆಯಾಯಿತು. ಈ ಒಂದು ಬದಲಾವಣೆಯಿಂದ ವೈರಸ್ಸು ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯ ಒಡಲಲ್ಲಿ ಸುಲಭವಾಗಿ ನೆಲೆಸಬಲ್ಲುದಾಯಿತು. ಕಪ್ಪು ಮೈಯಲ್ಲಿ ಬಿಳಿ ಪಟ್ಟೆಯಿರುವ, ಹಗಲಲ್ಲೇ ಕಚ್ಚುವ ಈ ಸೊಳ್ಳೆ ಪೇಟೆಗಿಂತ ತೋಟವನ್ನೇ ಮೆಚ್ಚುತ್ತದೆ. ರಬ್ಬರ್ ಹಾಲು ಹಿಡಿಯುವ ಗೆರಟೆ, ಉದುರಿದ ಅಡಿಕೆ ಹಾಳೆ, ಇಲಿ ಅಳಿಲು ಕೊರೆದ ಕೊಕ್ಕೊ ಕಾಯಿ, ಇವುಗಳಲ್ಲಿ ನಿಂತ ಒಂದಿಷ್ಟು ಮಳೆನೀರು ಅದಕ್ಕೆ ಸಾಕು. ವೈರಸ್ಸು ಎಲ್ಲಿಂದಲೋ ಬಂದಿತು ನಿಜ. ಆದರೆ ಅದಕ್ಕೆ ತೊಟ್ಟಿಲು ಕಟ್ಟಿಟ್ಟವರು ನಾವೇ ಎಂಬುದನ್ನು ಮರೆಯಲಾಗದು.

ಕೋಶದೊಳಗೆ ಹೊಕ್ಕ ಈ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ಆಂಟಿಬಯೋಟಿಕ್ ಇದರ ಮುಂದೆ ನಿರರ್ಥಕ. ಆದುದರಿಂದ ತಡೆಯಬೇಕಾದುದು ಸೊಳ್ಳೆ ಹುಟ್ಟುವಲ್ಲಿಯೇ. ಜ್ವರ ಹಬ್ಬಿದ ಮೇಲೆ ಹೊಗೆ ಯಂತ್ರಕ್ಕಾಗಿ ಕೂಗೆಬ್ಬಿಸುವುದು ನಮ್ಮ ಅಭ್ಯಾಸ. ಆ ಹೊಗೆ ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಗಳನ್ನಲ್ಲ. ಜೊತೆಗೆ ಜೇನುನೊಣದಂತಹ ಉಪಕಾರಿಗಳಿಗೂ ಅದು ವಿಷವೇ.

ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಆ ಸರಪಣಿ ತುಂಡಾಗುತ್ತದೆ. ಒಣಗಿದ ಪಾತ್ರೆಯ ಅಂಚಿನಲ್ಲಿ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರಬಲ್ಲವಾದ್ದರಿಂದ ಉಜ್ಜಿ ತೊಳೆಯುವುದೂ ಅಗತ್ಯ. ಟ್ಯಾಪಿಂಗ್ ನಿಂತೊಡನೆ ಗೆರಟೆಗಳನ್ನು ಬೋರಲು ಹಾಕುವ ನಿಯಮ ಸಣ್ಣ ಕೃಷಿಕನಿಗೆಂತೋ ಅರಣ್ಯ ಅಭಿವೃದ್ಧಿ ನಿಗಮದ ವಿಶಾಲ ರಬ್ಬರ್ ತೋಟಗಳಿಗೂ ಅಂತೆಯೇ ಅನ್ವಯಿಸಬೇಕು. ಗ್ರಾಮಸಭೆಗಳಲ್ಲಿ ಈ ಪ್ರಶ್ನೆಯನ್ನೆತ್ತೋಣ. ವಿದ್ಯಾರ್ಥಿಗಳು ತಮ್ಮ ಶಾಲೆಯ ಸುತ್ತಲ ತೋಟಗಳಲ್ಲಿ ಮರಿಗಳಿರುವ ತಾಣಗಳನ್ನು ಎಣಿಸಿ ಪಂಚಾಯತಿಗೆ ಪಟ್ಟಿ ಕೊಡಲಿ. ಸೊಳ್ಳೆಗೆ ಬೇಲಿಯಿಲ್ಲ, ಒಬ್ಬರ ತೋಟದ ಅಸಡ್ಡೆಗೆ ನೆರೆಮನೆಯವರ ಕೀಲು ನೋಯಬೇಕಾಗುತ್ತದೆ.